ಧಾತು ಕುಟುಂಬಗಳು ಮತ್ತು ಲೇಪನದ ತೊಟ್ಟಿ: ಪಶ್ಚಿಮ ಬೆಂಗಳೂರಿನ ಒಂದು ರಾಸಾಯನಿಕ ಚರಿತ್ರೆ

ಬೆಂಗಳೂರಿನ ವಿಜ್ಞಾನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಆರಂಭಿಸಿ ಸಾರ್ವಜನಿಕ ವಲಯದ ಬೃಹತ್ ಕಾರ್ಖಾನೆಗಳ ವಿವರಣೆಯೊಂದಿಗೆ ಮುಗಿಸುತ್ತಾರೆ. ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಂತಹ ಪ್ರದೇಶಗಳು ಆ ಚರಿತ್ರೆಯೊಳಗೆ ಕಾಣಿಸಿಕೊಳ್ಳುವುದು ವಿರಳ. ಲೇತ್ ಯಂತ್ರಗಳ ಸದ್ದು, ಉಜ್ಜುಚಕ್ರಗಳ ಧೂಳು, ಆಮ್ಲದ ಕಟು ವಾಸನೆ, ವಿದ್ಯುಲ್ಲೇಪನದ ತೊಟ್ಟಿಗಳು ಇವುಗಳ ನಡುವೆ ಬೆಳೆದ ಈ ಪ್ರದೇಶವನ್ನು ಕೈಗಾರಿಕಾ ಚರಿತ್ರೆಯ ಅಡಿಟಿಪ್ಪಣಿಯೆಂದು ಪರಿಗಣಿಸುವುದು ವಾಡಿಕೆಯಾಗಿದೆ. ಆದರೆ ರಸಾಯನವಿಜ್ಞಾನದ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆಯೇ ಆಗುತ್ತದೆ. ಧಾತುಗಳ ಆವರ್ತ ಕೋಷ್ಟಕದ ಒಂದು ಇಡೀ ಕುಟುಂಬವನ್ನು ಜಗತ್ತಿಗೆ ಪರಿಚಯಿಸಿದ ಇಬ್ಬರು ವಿಜ್ಞಾನಿಗಳು ಈ ನಗರದ ವಿಜ್ಞಾನ ಸಂಸ್ಥೆಯ ಹುಟ್ಟಿಗೆ ಕಾರಣರಾದವರು. ಆ ಸಂಸ್ಥೆಯಿಂದ ಕೆಲವೇ ಮೈಲಿಗಳ ಅಂತರದಲ್ಲಿ, ಅರ್ಧ ಶತಮಾನದ ತರುವಾಯ, ಅದೇ ಕೋಷ್ಟಕದ ಇತರ ಕುಟುಂಬಗಳು ನೂರಾರು ಮನೆಗಳ ಅನ್ನವಾದವು. ವೃಷಭಾವತಿ ಕಣಿವೆಯ ನೀರಿಗೆ ವಿಷವೂ ಆದವು. ಈ ಎರಡು ಘಟನೆಗಳನ್ನು ಒಟ್ಟಿಗೆ ಇರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಧಾತುಗಳಿಗೆ ಕುಟುಂಬಗಳಿವೆ ಎಂಬ ಕಲ್ಪನೆ 19ನೆಯ ಶತಮಾನದ ಕೊಡುಗೆ. ಜರ್ಮನಿಯ ಡೋಬರೈನರ್ ಅವರು 1829ರ ವೇಳೆಗೆ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಹಾಗೂ ಕ್ಲೋರಿನ್, ಬ್ರೋಮಿನ್, ಅಯೋಡಿನ್ ಮೊದಲಾದ ತ್ರಿಕಗಳನ್ನು ಗುರುತಿಸಿದ್ದರು. ರಷ್ಯಾದ ಡಿಮಿಟ್ರಿ ಮೆಂಡಲೀವ್ ಅವರು 1869ರಲ್ಲಿ ಪ್ರಕಟಿಸಿದ ಕೋಷ್ಟಕ ಈ ಬಿಡಿ ಸಾದೃಶ್ಯಗಳನ್ನೆಲ್ಲ ಒಂದೇ ನಿಯಮದ ಅಡಿಗೆ ತಂದಿತು. ಪರಮಾಣು ತೂಕದ ಏರಿಕೆಯ ಕ್ರಮದಲ್ಲಿ ಧಾತುಗಳನ್ನು ಜೋಡಿಸುತ್ತ ಹೋದರೆ ಒಂದೇ ಬಗೆಯ ಗುಣಗಳು ನಿಯತವಾಗಿ ಮರುಕಳಿಸುತ್ತವೆ ಎಂಬುದೇ ಆ ನಿಯಮ. ತೆರವಾಗಿದ್ದ ಸ್ಥಾನಗಳಿಗೆ ಅವರು ಸಂಸ್ಕೃತದ ಸಂಖ್ಯಾವಾಚಕಗಳನ್ನು ಬಳಸಿ ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು ಹೆಸರಿಟ್ಟದ್ದು ಭಾರತೀಯ ಓದುಗರ ಗಮನ ಸೆಳೆಯುವ ಸಂಗತಿ. ಈ ಮೂರೂ ಕ್ರಮವಾಗಿ 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಎಂಬ ಹೆಸರಿನಲ್ಲಿ ಪತ್ತೆಯಾದವು. ಕುಟುಂಬ ತಿಳಿದರೆ ಇನ್ನೂ ಕಾಣದ ಸದಸ್ಯನ ಸ್ವಭಾವವನ್ನೂ ಹೇಳಬಹುದೆಂಬುದು ಇದರಿಂದ ಸಿದ್ಧವಾಯಿತು.

ಮೆಂಡಲೀವ್ ಊಹಿಸದೆ ಬಿಟ್ಟ ಕುಟುಂಬವೂ ಒಂದಿತ್ತು. ಲಾರ್ಡ್ ರೇಲೆ ಮತ್ತು ವಿಲಿಯಂ ರಾಮ್ಸೆ ಅವರು 1894ರಲ್ಲಿ ವಾಯುವಿನಿಂದ ಆರ್ಗಾನ್ ಅನಿಲವನ್ನು ಬೇರ್ಪಡಿಸಿದಾಗ ಅದನ್ನು ಇಡಲು ಕೋಷ್ಟಕದಲ್ಲಿ ಸ್ಥಳವಿರಲಿಲ್ಲ. ಅದು ಯಾವುದರೊಂದಿಗೂ ಕೂಡುತ್ತಿರಲಿಲ್ಲ. ಅದು ಹೊಸ ಧಾತುವಲ್ಲ, ಸಾರಜನಕದ ಮೂರು ಪರಮಾಣುಗಳಿಂದಾದ ಅಣುವಿರಬಹುದೆಂದು ಮೆಂಡಲೀವ್ ಅವರೇ ಮೊದಲು ಶಂಕಿಸಿದ್ದರು. 1898ರಲ್ಲಿ ರಾಮ್ಸೆ ಅವರು ತಮ್ಮ ಕಿರಿಯ ಸಹೋದ್ಯೋಗಿ ಮಾರಿಸ್ ಟ್ರಾವರ್ಸ್ ಅವರೊಂದಿಗೆ ದ್ರವೀಕರಿಸಿದ ವಾಯುವಿನಿಂದ ಕ್ರಿಪ್ಟಾನ್, ನಿಯಾನ್ ಮತ್ತು ಕ್ಸೆನಾನ್‌ಗಳನ್ನು ಒಂದೇ ವರ್ಷದೊಳಗೆ ಹೊರತೆಗೆದ ನಂತರ ಶಂಕೆಗೆ ಎಡೆ ಉಳಿಯಲಿಲ್ಲ. ಕೋಷ್ಟಕಕ್ಕೆ ಶೂನ್ಯ ಗುಂಪು ಎಂಬ ಹೊಸ ಕಂಬಸಾಲು ಸೇರಿತು.

ಇದಾದ ಎರಡೇ ವರ್ಷಗಳಲ್ಲಿ ರಾಮ್ಸೆ ಅವರ ಹೆಸರು ಮೈಸೂರು ಸಂಸ್ಥಾನದ ಚರಿತ್ರೆಯೊಂದಿಗೆ ಕೂಡಿಕೊಂಡಿತು. ಜಮ್‌ಸೆಟ್ಜಿ ಟಾಟಾ ಅವರು ಯೋಜಿಸಿದ್ದ ಸಂಶೋಧನ ಸಂಸ್ಥೆಗೆ ತಕ್ಕ ಸ್ಥಳವನ್ನು ಸೂಚಿಸಲು 1900-01ರಲ್ಲಿ ಭಾರತ ಪ್ರವಾಸ ಕೈಗೊಂಡ ಅವರು ಬೆಂಗಳೂರನ್ನು ಶಿಫಾರಸು ಮಾಡಿದರು. ಮೈಸೂರು ಸರ್ಕಾರ 1907ರಲ್ಲಿ 371 ಎಕರೆ ಭೂಮಿಯನ್ನು ನೀಡಿತು. ಸಂಸ್ಥೆಯ ಪ್ರಥಮ ನಿರ್ದೇಶಕರಾಗಿ 1906ರಲ್ಲಿಯೇ ನಿಯುಕ್ತರಾದವರು ಇದೇ ಮಾರಿಸ್ ಟ್ರಾವರ್ಸ್. ನಾಲ್ವಡಿ ಕೃಷ್ಣರಾಜ ಒಡೆಯರು 1911ರ ಫೆಬ್ರವರಿ 1ರಂದು ಅಸ್ತಿಭಾರ ಶಿಲೆಯನ್ನು ಇರಿಸಿದರು. ಅದೇ ವರ್ಷ ಮೊದಲ ವಿದ್ಯಾರ್ಥಿಗಳು ಪ್ರವೇಶ ಪಡೆದರು. ಆರಂಭದ ವಿಭಾಗಗಳು ರಸಾಯನವಿಜ್ಞಾನ ಮತ್ತು ವಿದ್ಯುತ್ ತಂತ್ರಜ್ಞಾನಕ್ಕೆ ಸೇರಿದ್ದವು ಎಂಬುದನ್ನು ಇಲ್ಲಿ ನೆನಪಿಡಬೇಕು. ಈ ಎರಡು ವಿದ್ಯೆಗಳು ಒಂದೇ ತೊಟ್ಟಿಯಲ್ಲಿ ಸಂಧಿಸುವ ಉದ್ಯಮವೇ ವಿದ್ಯುಲ್ಲೇಪನ. ಟ್ರಾವರ್ಸ್ ಅವರು ಆಡಳಿತದ ಬಿಕ್ಕಟ್ಟುಗಳ ನಡುವೆ 1914ರಲ್ಲಿ ಇಂಗ್ಲೆಂಡಿಗೆ ಮರಳಿದರು.

ಸಂಸ್ಥೆಯ ಜ್ಞಾನ ಇಂಗ್ಲಿಷಿನಲ್ಲಿತ್ತು. ಅದನ್ನು ನಾಡಿನ ಮಾತಿಗೆ ತರುವ ಪ್ರಯತ್ನ ಬೇರೆ ಕಡೆಯಿಂದ ನಡೆಯಿತು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಸಂಪಾದಕತ್ವದಲ್ಲಿ ‘ವಿಜ್ಞಾನ’ ಮಾಸಪತ್ರಿಕೆ 1918ರಲ್ಲಿ ಹೊರಬಂದು, ಅಲ್ಪಾಯುಷಿಯಾದರೂ ಕನ್ನಡದ ವೈಜ್ಞಾನಿಕ ಗದ್ಯಕ್ಕೆ ಅಡಿಪಾಯ ಹಾಕಿತು. ಶತಮಾನದ ಉತ್ತರಾರ್ಧದಲ್ಲಿ ಆ ಕಾರ್ಯವನ್ನು ವಿಸ್ತರಿಸಿದವರಲ್ಲಿ ‘ಪರಮಾಣು ಚರಿತ್ರೆ’ಯ ಕರ್ತೃ ಜೆ.ಆರ್. ಲಕ್ಷ್ಮಣರಾವ್ ಪ್ರಮುಖರು. ರಾಮ್ಸೆ-ಟ್ರಾವರ್ಸ್ ಅವರ ಅನಿಲಗಳಿಗೆ ಕನ್ನಡ ಪಠ್ಯಪುಸ್ತಕಗಳಲ್ಲಿ ‘ಜಡಾನಿಲ’ ಎಂಬ ಹೆಸರು ನೆಲೆನಿಂತಿತು. ನೀಲ್ ಬಾರ್ಟ್ಲೆಟ್ ಅವರು 1962ರಲ್ಲಿ ಕ್ಸೆನಾನ್‌ನ ಸಂಯುಕ್ತವೊಂದನ್ನು ತಯಾರಿಸಿದ ಮೇಲೆ ‘ಜಡ’ ಎಂಬ ವಿಶೇಷಣ ಪೂರ್ಣ ಸತ್ಯವಾಗಿ ಉಳಿಯದಿದ್ದರೂ ಬಳಕೆ ತಪ್ಪಲಿಲ್ಲ.

ಆದರೆ ಲೋಹಗಳ ಕ್ರಿಯಾಶೀಲತೆಯ ಅರಿವು ಕೋಷ್ಟಕದೊಂದಿಗೆ ಬಂದದ್ದೆಂದು ಭಾವಿಸಿದರೆ ತಪ್ಪಾದೀತು. ಕೈಕಸುಬಿನ ಲೋಕಕ್ಕೆ ಅದು ಮೊದಲೇ ತಿಳಿದಿತ್ತು. ತಾಮ್ರ-ಹಿತ್ತಾಳೆಯ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ನಿಂತರೆ ಕಿಲುಬು ಹಿಡಿಯುತ್ತದೆಂಬುದನ್ನು ಅರಿತ ನಾಡು ಇದು. ಊರೂರು ತಿರುಗುತ್ತಿದ್ದ ಕಲಾಯಿಯವರು ಪಾತ್ರೆಯನ್ನು ಕಾಯಿಸಿ, ನವಸಾಗರ ಹಾಕಿ ಉಜ್ಜಿ, ಕರಗಿದ ತವರವನ್ನು ಅರಿವೆಯಿಂದ ಒಳಮೈಗೆ ಸವರುತ್ತಿದ್ದರು. ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಕಾವಿಗೆ ಒಡೆದು ತಾಮ್ರದ ಮೇಲಿನ ಆಕ್ಸೈಡ್ ಪೊರೆಯನ್ನು ಕಿತ್ತುಹಾಕುತ್ತದೆ. ಶುದ್ಧ ಲೋಹಕ್ಕೆ ತವರ ಅಂಟಿಕೊಳ್ಳುತ್ತದೆ. ಬೀದರಿನ ಬಿದರಿ ಕಲೆ ಇದಕ್ಕಿಂತಲೂ ಸೂಕ್ಷ್ಮವಾದದ್ದು. ಹೆಚ್ಚು ಸತು, ಅತ್ಯಲ್ಪ ತಾಮ್ರ ಸೇರಿದ ಮಿಶ್ರಲೋಹದ ಮೇಲೆ ಬೆಳ್ಳಿಯನ್ನು ಕೂರಿಸಿ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ಲೇಪ ಕೊಟ್ಟಾಗ ಮಿಶ್ರಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಎರಡು ಕುಟುಂಬಗಳ ಕ್ರಿಯಾಶೀಲತೆಯ ವ್ಯತ್ಯಾಸವೇ ಅಲ್ಲಿ ಚಿತ್ರವಾಗುತ್ತದೆ. ಈ ಕಸುಬುದಾರರ ಬಳಿ ಕೋಷ್ಟಕವಿರಲಿಲ್ಲ. ಆದರೆ ಅವರ ವಸ್ತುಗಳು ಕೆಲವೇ ಇದ್ದವು, ಅವುಗಳ ಸ್ವಭಾವ ತಲೆಮಾರುಗಳ ಪರೀಕ್ಷೆಗೆ ಒಳಪಟ್ಟಿತ್ತು.

ವಿದ್ಯುತ್ತು ಈ ಸ್ಥಿತಿಯನ್ನು ಬದಲಿಸಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ತಲುಪಿತು. 1940ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಗೊಂಡವು. ಈ ಕಾರ್ಖಾನೆಗಳಿಗೆ ತಿರುಪು, ಬೋಲ್ಟು, ಬುಗುರಿ, ಕೊಂಡಿಗಳನ್ನು ಮಾಡಿಕೊಡುವ ಚಿಕ್ಕ ಘಟಕಗಳು ಕೈಗಾರಿಕಾ ಉಪನಗರವಾಗಿ ರೂಪುಗೊಂಡ ರಾಜಾಜಿನಗರದಲ್ಲಿ, ಬಳಿಕ ಕಾಮಾಕ್ಷಿಪಾಳ್ಯ ಮತ್ತು ಪೀಣ್ಯಗಳಲ್ಲಿ ಹಬ್ಬಿದವು. ಮಾಡಿದ ಪ್ರತಿಯೊಂದು ಕಬ್ಬಿಣದ ತುಣುಕಿಗೂ ತುಕ್ಕು ಹಿಡಿಯದಂತೆ ಮೇಲ್ಪದರ ಬೇಕಿತ್ತು. ಹೀಗೆ ಹುಟ್ಟಿಕೊಂಡದ್ದು ಲೇಪನದ ಘಟಕಗಳು. ಒಂದು ತಗಡಿನ ಚಾವಣಿ, ಸಾಲಾಗಿ ಏಳೆಂಟು ತೊಟ್ಟಿ, ಒಂದು ರೆಕ್ಟಿಫೈಯರ್, ನಾಲ್ಕೈದು ಮಂದಿ ಕೆಲಸಗಾರರು ಇದ್ದರೆ ಘಟಕ ನಡೆಯುತ್ತಿತ್ತು. ಮನೆಗೂ ಕಾರ್ಖಾನೆಗೂ ನಡುವೆ ಹಲವೆಡೆ ಒಂದು ಗೋಡೆಯಷ್ಟೇ ಅಂತರ.

ತೊಟ್ಟಿಗಳ ಸಾಲನ್ನು ಆರಂಭದಿಂದ ಕೊನೆಯವರೆಗೆ ಗಮನಿಸಿದರೆ ಆವರ್ತ ಕೋಷ್ಟಕದ ಹಲವು ಗುಂಪುಗಳು ಒಂದರ ಹಿಂದೊಂದು ಎದುರಾಗುತ್ತವೆ. ಮೊದಲ ತೊಟ್ಟಿಯಲ್ಲಿ ಎಣ್ಣೆಯ ಜಿಡ್ಡು ತೆಗೆಯುವ ಕಾಸ್ಟಿಕ್ ಸೋಡಾ. ಅದು ಒಂದನೆಯ ಗುಂಪಿನ ಸೋಡಿಯಂನ ಸಂಯುಕ್ತ. ಹೊರಕವಚದಲ್ಲಿ ಒಂದೇ ಎಲೆಕ್ಟ್ರಾನ್ ಇರುವ ಈ ಕ್ಷಾರ ಲೋಹಗಳು ಅದನ್ನು ಸುಲಭವಾಗಿ ಬಿಟ್ಟುಕೊಡುತ್ತವೆ. ಗುಂಪಿನಲ್ಲಿ ಕೆಳಗಿಳಿದಂತೆ ಅವುಗಳ ಕ್ರಿಯಾಶೀಲತೆ ಏರುತ್ತದೆ. ಎರಡನೆಯದರಲ್ಲಿ ತುಕ್ಕು ಕರಗಿಸುವ ಹೈಡ್ರೋಕ್ಲೋರಿಕ್ ಆಮ್ಲ. ಹದಿನೇಳನೆಯ ಗುಂಪಿನ ಕ್ಲೋರಿನ್ ಇಲ್ಲಿ ಪಾಲುದಾರ. ಎಲೆಕ್ಟ್ರಾನನ್ನು ಸೆಳೆದುಕೊಳ್ಳುವ ಈ ಹ್ಯಾಲೊಜೆನ್‌ಗಳಲ್ಲಿ ಕೆಳಗಿಳಿದಂತೆ ಕ್ರಿಯಾಶೀಲತೆ ಇಳಿಯುತ್ತದೆ. ಮುಂದೆ ತಾಮ್ರ, ನಿಕಲ್, ಸತು, ಕ್ರೋಮಿಯಂ. ಶಾಲೆಯ ಪಾಠ ಸೋಡಿಯಂ ಮತ್ತು ಕ್ಲೋರಿನ್‌ಗಳಲ್ಲಿ ಬಹುಮಟ್ಟಿಗೆ ಮುಗಿಯುತ್ತದೆ; ಘಟಕದ ನಿಜವಾದ ಕೆಲಸ ಆರಂಭವಾಗುವುದು ಕೋಷ್ಟಕದ ಮಧ್ಯಭಾಗದಲ್ಲಿ.

ಸತುವಿನ ಲೇಪನದ ತರ್ಕ ಸರಳವಾದದ್ದು. ವಿದ್ಯುದ್ರಾಸಾಯನಿಕ ಶ್ರೇಣಿಯಲ್ಲಿ ಕಬ್ಬಿಣದ ಪ್ರಮಾಣಿತ ವಿಭವ ಋಣ 0.44 ವೋಲ್ಟ್, ಸತುವಿನದು ಋಣ 0.76 ವೋಲ್ಟ್. ಹೆಚ್ಚು ಕ್ರಿಯಾಶೀಲವಾದ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಲೇಪನದಲ್ಲಿ ಗೀರು ಬಿದ್ದರೂ ರಕ್ಷಣೆ ತಪ್ಪುವುದಿಲ್ಲ. ತಾಮ್ರ ಅಥವಾ ತವರದ ಲೇಪನದಲ್ಲಿ ಗೀರು ಬಿದ್ದರೆ ಫಲ ವಿಪರೀತ. ಒಳಗಿನ ಕಬ್ಬಿಣವೇ ಬೇಗ ತುಕ್ಕು ಹಿಡಿಯುತ್ತದೆ. ಕ್ರೋಮಿಯಂ ಮಾತ್ರ ಈ ಶ್ರೇಣಿಯನ್ನು ಓದಿ ತೀರ್ಮಾನಿಸುವವರನ್ನು ದಾರಿ ತಪ್ಪಿಸುತ್ತದೆ. ಅದರ ವಿಭವ ಋಣ 0.74 ವೋಲ್ಟ್, ಹೆಚ್ಚುಕಡಿಮೆ ಸತುವಿಗೆ ಸಮ. ಆದರೂ ಅದು ವರ್ಷಗಟ್ಟಲೆ ಹೊಳೆಯುತ್ತ ನಿಲ್ಲುತ್ತದೆ. ಗಾಳಿ ಸೋಕಿದ ಕೂಡಲೇ ಅದರ ಮೈಮೇಲೆ ಕಣ್ಣಿಗೆ ಕಾಣದ ಗಟ್ಟಿ ಆಕ್ಸೈಡ್ ಪೊರೆ ಕಟ್ಟಿಕೊಳ್ಳುವುದೇ ಇದಕ್ಕೆ ಕಾರಣ. ಸ್ಕೂಟರಿನ ಹ್ಯಾಂಡಲ್, ನಲ್ಲಿಯ ತಿರುಗಣೆಗಳ ಮೇಲಿನ ಕ್ರೋಮಿಯಂ ಒಂದು ಮೈಕ್ರಾನಿಗಿಂತಲೂ ತೆಳುವಾದ ಪದರ. ಅದರ ಕೆಳಗಿನ ನಿಕಲ್ ಪದರವೇ ಕಬ್ಬಿಣಕ್ಕೆ ನಿಜವಾದ ಹೊದಿಕೆ.

ಈ ತೆಳು ಪದರಕ್ಕಾಗಿ ಬಳಸುವ ದ್ರಾವಣದಲ್ಲಿ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ, ಅದರ ನೂರರಲ್ಲೊಂದು ಪಾಲು ಗಂಧಕಾಮ್ಲ ಇರುತ್ತವೆ. ಹಾಯಿಸಿದ ವಿದ್ಯುತ್ತಿನ ಐದರಲ್ಲೊಂದು ಪಾಲೂ ಲೋಹ ಕೂರಿಸಲು ಬಳಕೆಯಾಗುವುದಿಲ್ಲ. ಉಳಿದದ್ದೆಲ್ಲ ಜಲಜನಕದ ಗುಳ್ಳೆಯಾಗಿ ಮೇಲೇಳುತ್ತ ಹಳದಿ ಮಂಜನ್ನು ಎಬ್ಬಿಸುತ್ತದೆ. ಈ ಮಂಜನ್ನು ಉಸಿರಾಡಿದವರ ಮೂಗಿನ ನಡುಗೋಡೆ ತೂತಾಗುವುದು ವೈದ್ಯಕೀಯ ಗ್ರಂಥಗಳಲ್ಲಿ ಬಹುಕಾಲದಿಂದ ದಾಖಲಾಗಿರುವ ಔದ್ಯೋಗಿಕ ರೋಗ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 1990ರಲ್ಲಿ ಆರನೆಯ ಸಂಯೋಗಸ್ಥಿತಿಯ ಕ್ರೋಮಿಯಂ ಸಂಯುಕ್ತಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಯಲ್ಲಿ ಖಚಿತಪಡಿಸಿತು.

ಇಲ್ಲಿ ಹಳೆಯ ಕೋಷ್ಟಕವನ್ನು ಮತ್ತೊಮ್ಮೆ ನೋಡುವುದು ಅಗತ್ಯ. ಮೆಂಡಲೀವ್ ಅವರ ಎಂಟು ಗುಂಪುಗಳ ಮೋಟು ಕೋಷ್ಟಕದಲ್ಲಿ ಪ್ರತಿಯೊಂದು ಗುಂಪಿಗೂ ಎರಡು ಕವಲುಗಳಿದ್ದವು. ಸೋಡಿಯಂ, ಪೊಟ್ಯಾಸಿಯಂಗಳಿರುವ ಒಂದನೆಯ ಗುಂಪಿನಲ್ಲೇ ತಾಮ್ರ, ಬೆಳ್ಳಿ, ಚಿನ್ನಗಳೂ ಇದ್ದವು. ನೀರಿಗೆ ಬಿದ್ದರೆ ಉರಿಯುವ ಲೋಹಕ್ಕೂ ಸಾವಿರ ವರ್ಷ ನೆಲದಲ್ಲಿದ್ದರೂ ಮಾಸದ ಲೋಹಕ್ಕೂ ಒಂದೇ ಮನೆ ಎಂಬುದು ವಿದ್ಯಾರ್ಥಿಗಳಿಗೆ ವಿಚಿತ್ರವೆನಿಸುತ್ತಿತ್ತು. ಒಂದು ಕವಲಿನಲ್ಲಿ ಕೆಳಗಿಳಿದಂತೆ ಕ್ರಿಯಾಶೀಲತೆ ಏರಿದರೆ ಇನ್ನೊಂದರಲ್ಲಿ ಅದು ಇಳಿಯುತ್ತದೆ. ಹಾಗೆಯೇ ಆರನೆಯ ಗುಂಪಿನಲ್ಲಿ ಗಂಧಕ ಮತ್ತು ಕ್ರೋಮಿಯಂ ನೆರೆಹೊರೆಯವರಾಗಿದ್ದವು. ಎರಡರ ಅತ್ಯುನ್ನತ ಆಕ್ಸೈಡಿನಲ್ಲಿಯೂ ಒಂದು ಪರಮಾಣುವಿಗೆ ಮೂರು ಆಮ್ಲಜನಕ. 1980ರ ದಶಕದಲ್ಲಿ ಶುದ್ಧ ಮತ್ತು ಅನ್ವಯಿಕ ರಸಾಯನವಿಜ್ಞಾನದ ಅಂತಾರಾಷ್ಟ್ರೀಯ ಒಕ್ಕೂಟ ಶಿಫಾರಸು ಮಾಡಿದ 1ರಿಂದ 18ರವರೆಗಿನ ಗುಂಪು ಸಂಖ್ಯೆ ಬಳಕೆಗೆ ಬಂದ ಮೇಲೆ ಗಂಧಕ 16ನೆಯ, ಕ್ರೋಮಿಯಂ 6ನೆಯ ಗುಂಪಿಗೆ ಸೇರಿ ಈ ನೆಂಟಸ್ತಿಕೆ ಪಠ್ಯದಿಂದ ಮರೆಯಾಯಿತು. ಹೊಸ ಕ್ರಮವೇ ಹೆಚ್ಚು ಸಮರ್ಪಕ ಎನ್ನುವುದರಲ್ಲಿ ಸಂದೇಹವಿಲ್ಲ. ಆದರೆ ಮನುಷ್ಯನ ಜೀವಕೋಶ ಇನ್ನೂ ಹಳೆಯ ಕೋಷ್ಟಕವನ್ನೇ ಪಾಲಿಸುತ್ತದೆ. ಕ್ರೋಮೇಟ್ ಅಯಾನಿನ ಆಕಾರ ಮತ್ತು ವಿದ್ಯುದಂಶ ಸಲ್ಫೇಟಿನಂತೆಯೇ ಇರುವುದರಿಂದ, ದೇಹಕ್ಕೆ ಅಗತ್ಯವಾದ ಸಲ್ಫೇಟ್ ಒಳಬರುವ ದಾರಿಯಲ್ಲಿಯೇ ಅದೂ ಒಳನುಗ್ಗಿ, ಒಳಗೆ ಅಪಕರ್ಷಣಗೊಳ್ಳುವಾಗ ವಂಶವಾಹಿಗಳನ್ನು ಘಾಸಿಗೊಳಿಸುತ್ತದೆ. ಮೂರನೆಯ ಸಂಯೋಗಸ್ಥಿತಿಯ ಕ್ರೋಮಿಯಂಗೆ ಈ ಹೋಲಿಕೆಯಿಲ್ಲ. ಅದಕ್ಕೆ ಒಳದಾರಿಯೂ ಸುಲಭವಾಗಿ ಸಿಗುವುದಿಲ್ಲ.

ಹನ್ನೆರಡನೆಯ ಗುಂಪಿನ ಕಥೆ ಇನ್ನೂ ಸ್ಪಷ್ಟ. ಸತು, ಕ್ಯಾಡ್ಮಿಯಂ, ಪಾದರಸ ಈ ಮೂರೂ ಒಂದೇ ಕುಟುಂಬದವು. 1817ರಲ್ಲಿ ಜರ್ಮನಿಯ ಸ್ಟ್ರೊಮೇಯರ್ ಅವರಿಗೆ ಕ್ಯಾಡ್ಮಿಯಂ ದೊರೆತದ್ದೇ ಸತುವಿನ ಕಾರ್ಬೊನೇಟಿನ ಕಲ್ಮಶವಾಗಿ. ವಿಮಾನ ಮತ್ತು ರಕ್ಷಣಾ ಉಪಕರಣಗಳ ಬೋಲ್ಟುಗಳಿಗೆ ಕ್ಯಾಡ್ಮಿಯಂ ಲೇಪನಕ್ಕೆ ಬಹುಕಾಲ ಬೇಡಿಕೆಯಿತ್ತು. ಈ ಗುಂಪಿನಲ್ಲಿ ಕೆಳಗಿಳಿದಂತೆ ಕ್ರಿಯಾಶೀಲತೆ ಕುಗ್ಗುತ್ತದೆ. ಅಪಾಯ ಮಾತ್ರ ಬೆಳೆಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಗೊತ್ತುಪಡಿಸಿದ ಮಿತಿಗಳು ಇದನ್ನು ಅಂಕಿಗಳಲ್ಲಿ ಹೇಳುತ್ತವೆ: ಲೀಟರಿಗೆ ಸತು 5 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ, ಪಾದರಸ 0.001 ಮಿಲಿಗ್ರಾಂ. ಒಂದೇ ಮೆಟ್ಟಿಲು ಇಳಿದರೆ ಸಹನೆಯ ಮಿತಿ ಸಾವಿರದ ಆರುನೂರು ಪಟ್ಟಿಗಿಂತ ಹೆಚ್ಚು ಕುಗ್ಗುತ್ತದೆ. ಸತುವೆಂದು ಭ್ರಮಿಸಿ ದೇಹ ಕ್ಯಾಡ್ಮಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಮೂತ್ರಪಿಂಡದಲ್ಲಿ ಅದು ದಶಕಗಳ ಕಾಲ ಉಳಿಯುತ್ತದೆ. ಜಪಾನಿನ ಜಿಂಜು ನದಿಯ ದಡದಲ್ಲಿ ಸತುವಿನ ಗಣಿಯ ನೀರಿನಿಂದ ಭತ್ತ ಬೆಳೆದವರ ಮೂಳೆಗಳು ಕುಸಿದ ರೋಗಕ್ಕೆ ಕ್ಯಾಡ್ಮಿಯಂ ಕಾರಣವೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ಕ್ರಿಯಾಶೀಲತೆಯೆಂದರೆ ಅಪಾಯ, ಜಡತೆಯೆಂದರೆ ಕ್ಷೇಮ ಎಂಬ ತರಗತಿಯ ಸಮೀಕರಣ ಲೇಪನದ ತೊಟ್ಟಿಗೆ ಅನ್ವಯಿಸುವುದಿಲ್ಲ.

ವಿಜ್ಞಾನ ಸಂಸ್ಥೆಗೂ ಈ ಗಲ್ಲಿಗಳಿಗೂ ಸಂಬಂಧವೇ ಇರಲಿಲ್ಲವೆಂದು ಹೇಳುವುದು ನ್ಯಾಯವಲ್ಲ. 1950ರ ದಶಕದಲ್ಲಿ ಅಲ್ಲಿ ಟಿ.ಎಲ್. ರಾಮಚಾರ್ ಅವರು ಪೈರೋಫಾಸ್ಫೇಟ್ ದ್ರಾವಣಗಳಿಂದ ಲೋಹಗಳನ್ನು ಲೇಪಿಸುವ ಬಗ್ಗೆ ವಿಸ್ತಾರವಾದ ಸಂಶೋಧನೆ ನಡೆಸಿದರು. ಲೇಪನದ ಸಾಂಪ್ರದಾಯಿಕ ದ್ರಾವಣಗಳಲ್ಲಿದ್ದ ಸೈನೈಡಿಗೆ ಅದು ಪರ್ಯಾಯವಾಗಬಲ್ಲದಾಗಿತ್ತು. ಆದರೂ ಸೈನೈಡ್ ದ್ರಾವಣಗಳು ದಶಕಗಳ ಕಾಲ ಉಳಿದುಕೊಂಡವು. ಅವು ಅಗ್ಗ, ಜಿಡ್ಡು ಪೂರ್ತಿ ಹೋಗದ ತುಣುಕಿನ ಮೇಲೂ ಲೋಹವನ್ನು ಸಮನಾಗಿ ಕೂರಿಸುತ್ತವೆ. ತುಕ್ಕು ತೆಗೆದ ಆಮ್ಲದ ನೀರೂ ಸೈನೈಡಿನ ನೀರೂ ಒಂದೇ ಚರಂಡಿಯಲ್ಲಿ ಕೂಡಿದರೆ ಮಾರಕ ಅನಿಲ ಹುಟ್ಟುತ್ತದೆ. ಎರಡು ಚರಂಡಿ ತೋಡಲು ಜಾಗವಿಲ್ಲದ ಇಕ್ಕಟ್ಟಿನ ಘಟಕದಲ್ಲಿ ಈ ಎಚ್ಚರ ಕೆಲಸಗಾರರ ನೆನಪಿಗೆ ಬಿಟ್ಟದ್ದಾಗಿತ್ತು.

ಶುದ್ಧೀಕರಣದ ವಿಧಾನವೂ ಕುಟುಂಬಗಳ ಗುಣವನ್ನೇ ಆಧರಿಸಿದೆ. ಸೈನೈಡನ್ನು ಕ್ಷಾರೀಯ ನೀರಿನಲ್ಲಿ ಕ್ಲೋರಿನ್ ಸಂಯುಕ್ತದಿಂದ ಒಡೆಯಬೇಕು. ಕ್ರೋಮಿಯಂ ಇರುವ ಹಳದಿ ನೀರನ್ನು ಆಮ್ಲೀಯಗೊಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿದರೆ ಅದು ಹಸಿರಾಗುತ್ತದೆ. ಆರನೆಯ ಸ್ಥಿತಿಯಿಂದ ಮೂರನೆಯದಕ್ಕೆ ಇಳಿದದ್ದರ ಗುರುತು ಅದು. ಬಳಿಕ ಸುಣ್ಣ ಹಾಕಿದರೆ ಹಸಿರು ಗಸಿ ತಳಕ್ಕಿಳಿಯುತ್ತದೆ. ಹೊರಬಿಡುವ ನೀರಿನಲ್ಲಿ ಆರನೆಯ ಸ್ಥಿತಿಯ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ, ಸೈನೈಡ್ 0.2 ಮಿಲಿಗ್ರಾಂ ಮೀರಬಾರದೆಂಬುದು ಲೇಪನ ಉದ್ಯಮಕ್ಕೆ ವಿಧಿಸಿರುವ ಮಿತಿ. ರಾಸಾಯನಿಕವಾಗಿ ಇದರಲ್ಲಿ ಕಷ್ಟವೇನೂ ಇಲ್ಲ. ಕಷ್ಟವಿರುವುದು ಲೆಕ್ಕದಲ್ಲಿ: ಕಿಲೋಗ್ರಾಂ ಲೆಕ್ಕದಲ್ಲಿ ಕೂಲಿ ಪಡೆದು ಬೋಲ್ಟಿಗೆ ಸತು ಹಾಕುವ ಘಟಕ ತನ್ನ ದುಡಿಮೆಯ ಎಷ್ಟು ಪಾಲನ್ನು ತೊಳೆದ ನೀರಿಗಾಗಿ ವ್ಯಯಿಸಬಲ್ಲದು ಎಂಬ ಪ್ರಶ್ನೆಯನ್ನು ಲೇಪಿಸಿದ ಬೋಲ್ಟನ್ನು ಕೊಂಡ ದೊಡ್ಡ ಕಾರ್ಖಾನೆಗಳು ತಮ್ಮದೆಂದು ತಿಳಿಯಲಿಲ್ಲ. ಜಲಮಾಲಿನ್ಯ ನಿಯಂತ್ರಣದ ಕಾಯಿದೆ ಬಂದದ್ದು 1974ರಲ್ಲಿ, ರಾಜ್ಯದ ಮಂಡಳಿಯೂ ಅದೇ ವರ್ಷ ರಚನೆಯಾಯಿತು. ಅಪಾಯಕಾರಿ ತ್ಯಾಜ್ಯದ ನಿಯಮಗಳು ಬಂದದ್ದು 1989ರಲ್ಲಿ. ನಡುವಿನ ಹದಿನೈದು ವರ್ಷಗಳ ಗಸಿ ಎಲ್ಲಿಗೆ ಹೋಯಿತೆಂಬುದಕ್ಕೆ ನೆಲವೇ ದಾಖಲೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದನ್ನು ಸಂಶೋಧಕರು ಮತ್ತೆ ಮತ್ತೆ ಅಳೆದು ದಾಖಲಿಸಿದ್ದಾರೆ.

ಪಶ್ಚಿಮ ಬೆಂಗಳೂರಿನ ಚರಂಡಿಗಳ ನೀರು ಸೇರುವುದು ವೃಷಭಾವತಿಗೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ನಂಬಲಾದ ಈ ಹೊಳೆ ಮೈಸೂರು ರಸ್ತೆಯ ಬದಿಗುಂಟ ಕೆಂಗೇರಿಯನ್ನು ದಾಟಿ, ಬಿಡದಿಯ ಸಮೀಪದ ಬೈರಮಂಗಲ ಜಲಾಶಯವನ್ನು ತುಂಬಿ, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಬೈರಮಂಗಲದ ಕೆಳಗಿನ ಹೊಲಗಳಲ್ಲಿ ಬೆಳೆದ ಸೊಪ್ಪು, ಮೇವು, ಭತ್ತಗಳ ಮೂಲಕ ಕಾಮಾಕ್ಷಿಪಾಳ್ಯದಂತಹ ಪ್ರದೇಶಗಳ ಧಾತುಗಳು ಮತ್ತೆ ಮನುಷ್ಯರ ಬಳಿಗೆ ಬರುತ್ತವೆ. ಲೋಹಕ್ಕೆ ಕೊಳೆಯುವ ಗುಣವಿಲ್ಲ. ಸಾವಯವ ಕೊಳೆಯಂತೆ ಅದು ಹರಿವಿನಲ್ಲಿ ಕರಗಿ ಇಲ್ಲವಾಗುವುದಿಲ್ಲ, ಸಂಯೋಗಸ್ಥಿತಿಯನ್ನಷ್ಟೇ ಬದಲಿಸುತ್ತದೆ.

ಇತ್ತೀಚಿನ ದಶಕಗಳಲ್ಲಿ ಸೈನೈಡ್ ಇಲ್ಲದ ಸತುವಿನ ದ್ರಾವಣಗಳೂ ಮೂರನೆಯ ಸ್ಥಿತಿಯ ಕ್ರೋಮಿಯಂ ಲೇಪನವೂ ಬಳಕೆಗೆ ಬಂದಿವೆ. ಎರಡನೆಯದರ ಹೊಳಪು ಹಳೆಯ ಕ್ರೋಮಿಯಂನ ನೀಲಿಛಾಯೆಗಿಂತ ಕೊಂಚ ಮಬ್ಬು ಎಂಬ ಕಾರಣಕ್ಕೆ ಗಿರಾಕಿಗಳು ಹಿಂಜರಿದದ್ದುಂಟು. ನಿಯಮ ಪಾಲಿಸುವ ಘಟಕಗಳ ಗಸಿ ಈಗ ಚೀಲಗಳಲ್ಲಿ ತುಂಬಿ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಹಾಳೆ ಹಾಸಿದ ಗುಂಡಿಯೊಳಗೆ, ಸುಣ್ಣದೊಂದಿಗೆ ಬೆರೆತು, ಹಸಿರು ಬಣ್ಣದ ಕ್ರೋಮಿಯಂ ಹೈಡ್ರಾಕ್ಸೈಡ್ ಪದರ ಪದರವಾಗಿ ಶೇಖರವಾಗುತ್ತಿದೆ.